ಮುಷ್ಟಿಯೊಳಗಿನ ಹೆಬ್ಬೆರಳು

ರೇನೋ ಹೌತಲ ವಾಂತಿ ಮಾಡಿಕೊಳ್ಳುವ ತನಕ ಕಾಲೇಜಿನ ಅಮೆರಿಕನ್ ಫುಟ್ಬಾಲ್ ತಂಡ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಆ ವರ್ಷ ತಾನಾಗಿಯೇ ಹುಟ್ಟಿಕೊಂಡ ಶಾಸ್ತ್ರ ಅದು. ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಒಂದು ನೀಲಿ ಕಸದ ಡ್ರಮ್ಮು. ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ರೇನೋ ಬಗ್ಗಿರುತ್ತಿದ್ದ. ಉಳಿದ ಹುಡುಗರು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು, ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಕಾದವರ ಹಾಗೆ ಕಾಯುತ್ತಿದ್ದರು.

"ಆಯ್ತೇನೋ?"

"ಇನ್ನೂ ಇಲ್ಲ."

"ಬೇಗ ಮುಗಿಸೋ ಮಾರಾಯ. ಹೊರಗೆ ಬ್ಯಾಂಡಿನವರ ಬೆರಳು ಮರಗಟ್ತಾ ಇದೆ."

ಕೊನೆಗೆ ಸದ್ದು ಕೇಳಿಸಿದಾಗ ಕೋಣೆಯೇ ಹಾರಿಹೋಗುವಂತೆ ಕೇಕೆ. ಒಬ್ಬ ಎಡಗಾಲಿನ ಶೂ ಮೊದಲು ಕಟ್ಟುತ್ತಾನೆ, ಇನ್ನೊಬ್ಬ ಶಿಲುಬೆಗೆ ಮುತ್ತು ಕೊಡುತ್ತಾನೆ, ರೇನೋ ವಾಂತಿ ಮಾಡುತ್ತಾನೆ, ಅಷ್ಟೇ ಎಂದುಕೊಂಡಿದ್ದರು ಅವರು. ಆರಡಿ ಐದಿಂಚಿನ, ಮುನ್ನೂರ ಹತ್ತು ಪೌಂಡಿನ ಆಳು ನಿಜವಾಗಿಯೂ ಹೆದರಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ಆ ಋತುವಿನಲ್ಲಿ ಹತ್ತು ಪಂದ್ಯ ಆಗಿದ್ದವು. ಹತ್ತರಲ್ಲೂ ರೇನೋ ಕಾಯುವ ಎಡತುದಿಯಿಂದ ಒಬ್ಬನೂ ನುಗ್ಗಿ ಬಂದು ತಂಡದ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಮುಟ್ಟಿರಲಿಲ್ಲ. ಊರಿನ ಪತ್ರಿಕೆ ಅವನನ್ನು 'ಸುಪೀರಿಯರ್ ಸರೋವರದ ಬಂಡೆ' ಎಂದು ಕರೆದಿತ್ತು. ದಕ್ಷಿಣದಿಂದ ದೊಡ್ಡ ಸೇತುವೆ ದಾಟಿ, ವೃತ್ತಿಪರ ತಂಡಗಳ ಕಡೆಯವರು ಅವನ ಕಾಲಿನ ಚುರುಕನ್ನು ಗಡಿಯಾರ ಹಿಡಿದು ಅಳೆಯಲು ಬರತೊಡಗಿದ್ದರು. ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನ ಹುಡುಗರ ಕೋಚ್ ಸ್ಟಿಮಾಕ್ ಪ್ರತಿ ಭಾನುವಾರ ಹಿಂದಿನ ದಿನದ ಪಂದ್ಯದ ಚಿತ್ರ ಹಾಕಿ, ಚೆಂಡು ಅಲುಗಿದಲ್ಲಿಂದ ನಿಲ್ಲುವ ತನಕದ ಒಂದೊಂದು ಆಟಕ್ಕೂ ಕೂಡು, ಕಳೆ ಎಂದು ಗುರುತು ಹಾಕುತ್ತಿದ್ದರು. ರೇನೋನ ಹಾಳೆಯ ಮೇಲೆ ಕಳೆಯ ಗುರುತು ಹುಡುಕುವುದು ಜೋಳದ ಚೀಲದಲ್ಲಿ ಮುತ್ತು ಹುಡುಕಿದಂತಾಗಿತ್ತು.

ಆ ಬಂಡೆಯೊಳಗೆ ಇದ್ದದ್ದು ಒಂದು ಸದ್ದು. ಹಿಮದ ಭಾರಕ್ಕೆ ಒಣಗಿದ ದೇವದಾರು ಕೊಂಬೆ ಮುರಿದಂಥ ಸದ್ದು. ಹಿಂದಿನ ನವೆಂಬರಿನಲ್ಲಿ, ಋತುವಿನ ಕೊನೆಯ ಪಂದ್ಯದಲ್ಲಿ, ಅದನ್ನವನು ತನ್ನ ಬೆನ್ನ ಹಿಂದೆ ಕೇಳಿದ್ದ.

ಆಗ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಡೆಜ್, ಡೆಸ್ಮಂಡ್ ಪ್ರೂಯಿಟ್. ರೇನೋನ ಕೋಣೆಯ ಜೊತೆಗಾರ. ಬಲಗೈಯಲ್ಲಿ ಚೆಂಡು ಎಸೆಯುವವನು ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕೆ ಬರುತ್ತದೆ. ಬೆನ್ನಿಗೆ ಕಣ್ಣಿಲ್ಲ. ಎಡತುದಿಯಲ್ಲಿ ನಿಂತವನೇ ಆ ಕಣ್ಣಾಗಬೇಕು. ಆವತ್ತು ಹಿಮ ಸುರಿಯುತ್ತಿತ್ತು. ಎದುರಾಳಿ ತಂಡದ ತೊಂಬತ್ತೊಂದು ನಂಬರಿನವನು, ಚೆಂಡು ಇನ್ನೂ ಅಲುಗುವಷ್ಟರಲ್ಲಿ, ಮೊದಲೇ ಎಲ್ಲ ಗೊತ್ತಿದ್ದವನ ಹಾಗೆ ರೇನೋನನ್ನು ಬಳಸಿ ಹೋಗಿಬಿಟ್ಟ. ಆಮೇಲೆ ಆ ಸದ್ದು. ಆಮೇಲೆ ನಾಲ್ಕು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದ ಮೌನ.

ಕತ್ತಿನ ಮೂಳೆ ಮುರಿದರೂ ಡೆಜ್ ಬದುಕಿದ. ತಲೆಗೆ ಕಬ್ಬಿಣದ ಚೌಕಟ್ಟು ಬಿಗಿಸಿಕೊಂಡು ಮೂರು ತಿಂಗಳು ಕೂತ. ಈಗ ನಡೆಯುತ್ತಾನೆ, ನಗುತ್ತಾನೆ, ಆದರೆ ಬಲಗೈಯ ಎರಡು ಬೆರಳಿಗೆ ಬಿಸಿ ತಂಪು ತಿಳಿಯುವುದಿಲ್ಲ, ಚೆಂಡು ಮುಟ್ಟುವುದಿಲ್ಲ. ಪಂದ್ಯಗಳ ಚಿತ್ರ ಕತ್ತರಿಸಿ ಜೋಡಿಸುವ ಕೆಲಸ ಹಿಡಿದು ತಂಡದ ಜೊತೆಗೇ ಉಳಿದ. ಕೋಚ್ ಎಲ್ಲರೆದುರು ಹೇಳಿದ್ದರು: "ರೇನೋನ ಕಾಲು ಹಿಮದಲ್ಲಿ ಜಾರಿತು. ಯಾರ ತಪ್ಪೂ ಅಲ್ಲ." ಊರೆಲ್ಲ ಅದನ್ನು ನಂಬಿತು. ರೇನೋನೂ ನಂಬಲು ನೋಡಿದ.

ಚೆಂಡು ಹಿಡಿದು ಓಡುವ ಆಟವಾದರೆ ಅವನಿಗೆ ಭಯವಿರಲಿಲ್ಲ. ಮುಂದೆ ನುಗ್ಗಿ ಎದುರಿನವನನ್ನು ತಳ್ಳಿದರೆ ಮುಗಿಯಿತು. ಎಸೆಯುವ ಆಟವೆಂದು ಕೂಗಿದರೆ ಮಾತ್ರ ಹೊಟ್ಟೆಯೊಳಗೆ ತಣ್ಣೀರು ಸುರಿದಂತಾಗುತ್ತಿತ್ತು. ಆಗ ಅವನು ಹಿಂದಕ್ಕೆ ಸರಿಯಬೇಕು, ನುಗ್ಗಿ ಬರುವವನನ್ನು ಎದೆಗೆ ತೆಗೆದುಕೊಳ್ಳಬೇಕು. ಈಗಿನ ಕ್ವಾರ್ಟರ್‌ಬ್ಯಾಕ್ ಮೈಲ್ಸ್ ಹತ್ತೊಂಬತ್ತರ ಹುಡುಗ. ಎಲ್ಲರೂ ವರ್ತುಲವಾಗಿ ನಿಂತಾಗ ಯಾವುದೋ ಹಾಡು ಗುನುಗುತ್ತಿರುತ್ತಾನೆ. ಹೆಲ್ಮೆಟ್ಟಿನ ಕೆಳಗೆ ಅವನ ಕತ್ತಿನ ಹಿಂಬದಿ, ಅಲ್ಲೊಂದು ಮಚ್ಚೆ. ರೇನೋ ಅದನ್ನು ನೋಡಬಾರದೆಂದು ಎಷ್ಟು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎಷ್ಟು ಸಣ್ಣ ಕತ್ತು.

ಹತ್ತನೆಯ ಪಂದ್ಯದ ಮರುದಿನ ರೇನೋ ಎಂದಿನಂತೆ ಮುಮ್ಮುವಿನ ಮನೆಗೆ ಹೋದ. ಮುಮ್ಮು ಎಂದರೆ ಅವನ ಅಜ್ಜಿ ಐಲಿ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಅದಿರು ಸಾಗಿಸುವ ಹಡಗಿನಲ್ಲಿ ವರ್ಷದ ಮುಕ್ಕಾಲು ಪಾಲು ಸರೋವರದ ಮೇಲೆ. ಬೆಳೆಸಿದ್ದೆಲ್ಲ ಮುಮ್ಮುವೇ. ಎಪ್ಪತ್ತಾರರಲ್ಲೂ ಪ್ರತಿ ನವೆಂಬರ್ ಜಿಂಕೆ ಬೇಟೆಗೆ ಹೋಗುತ್ತಿದ್ದಳು. ಹಲಗೆಯ ಮರೆಯಲ್ಲಿ ಆರು ಗಂಟೆ ಕೆಮ್ಮದೆ ಕೂರಬಲ್ಲವಳು.

ಹಿತ್ತಲಿನ ಸೌನಾ ಹಬೆಮನೆಯಲ್ಲಿ ಕಾದ ಕಲ್ಲಿನ ಮೇಲೆ ನೀರು ಹುಯ್ದುಕೊಂಡು, ಬೆಂದ ಬೀಟ್‌ರೂಟಿನಂತಾಗಿ ರೇನೋ ಹೊರಗೆ ಬಂದ. ಅಡಿಗೆಮನೆಯಲ್ಲಿ ಅವಳು ಕಾದಿದ್ದಳು. ಮೇಜಿನ ಮೇಲೆ ಮಾಂಸ, ಆಲೂಗಡ್ಡೆ, ರುಟಬಾಗ ಗೆಡ್ಡೆ ತುಂಬಿದ ಕಡುಬಿನಂಥ ಪ್ಯಾಸ್ಟಿ. ಪಕ್ಕದಲ್ಲಿ ಇಡೀ ಒಂದು ಹೊಗೆಮೀನು.

"ಇದೆಲ್ಲಿಂದ ಬಂತು ಮುಮ್ಮು?"

"ಗೆದ್ದೆ." ಅವಳ ಮುಖ ಹೊಳೆಯುತ್ತಿತ್ತು. "ಆ ಮೀನಂಗಡಿ ವಾಲ್ಡೊ ಇದಾನಲ್ಲ, ಬೇಲಿ ಹತ್ರ ನನ್ನ ಪಕ್ಕ ನಿಂತು ದಿನಾ ಕೊರೀತಾನೆ. 'ಐಲಿ, ಹದಿನೈದು ವರ್ಷದಿಂದ ಆಟ ನೋಡ್ತೀಯ, ಇನ್ನೂ ಚೆಂಡು ಯಾವ ಕಡೆ ಹೋಗ್ಬೇಕು ಅಂತ ಗೊತ್ತಿಲ್ಲ' ಅಂತಾನೆ. ಚೆಂಡು ಕಟ್ಕೊಂಡು ನನಗೇನಾಗ್ಬೇಕು ಅಂದೆ. ಎಸೀತಾರೋ ಓಡ್ತಾರೋ ಮುಂಚೆನೇ ಹೇಳ್ತೀನಿ, ಬೇಕಾದ್ರೆ ಪಂದ್ಯ ಕಟ್ಟು ಅಂದೆ. ನಾನು ಸೋತ್ರೆ ಪ್ಯಾಸ್ಟಿ, ಅವನು ಸೋತ್ರೆ ಮೀನು."

"ಆಮೇಲೆ?"

"ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ ಹೇಳ್ದೆ. ಆ ಒಂದು ಸಲ ನೀನು ಮೂಗು ಕೆರ್ಕೊಂಡೆ, ಅದಕ್ಕೆ ಕಾಣಿಸ್ಲಿಲ್ಲ."

ರೇನೋ ನಗುತ್ತಲೇ ಇದ್ದ. ಅವಳ ಬೇಟೆಯ ದುರ್ಬೀನು ಇಡೀ ಆಟದಲ್ಲಿ ಅವನೊಬ್ಬನ ಮೇಲೆಯೇ ಇರುತ್ತಿತ್ತು. ತಂಡ ದಿಕ್ಕು ಬದಲಿಸಿದರೆ ಅವಳೂ ಮಡಿಸುವ ಕುರ್ಚಿ ಎತ್ತಿಕೊಂಡು ಬೇಲಿಯ ಆಚೆ ಬದಿಗೆ ಹೋಗುತ್ತಾಳೆಂದು ಊರಿಗೆಲ್ಲ ಗೊತ್ತು.

"ಏನು ಕಾಣಿಸ್ಲಿಲ್ಲ?"

"ನಿನ್ನ ಹೆಬ್ಬೆರಳು ಕಣೋ." ಅವಳು ಎಡಗೈಯನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳನ್ನು ನಾಲ್ಕು ಬೆರಳಿನೊಳಗೆ ಮಡಿಸಿ ತೋರಿಸಿದಳು. "ಎಸೆಯೋ ಹೊತ್ತಿಗೆ ಹಿಂಗೆ ಒಳಗೆ ಹೋಗತ್ತೆ. ಓಡೋ ಹೊತ್ತಿಗೆ ಹೊರಗಿರತ್ತೆ. ಜಿಂಕೆ ಓಡೋಕ್ಕೆ ಮುಂಚೆ ಕಿವೀಲಿ ಹೇಳತ್ತಲ್ಲ, ಹಾಗೇನೇ. ಸಣ್ಣೋನಿದ್ದಾಗಿಂದ ಇದೇ ಚಾಳಿ ನಿಂಗೆ. ನಿಮ್ಮಮ್ಮನ್ನ ಮಣ್ಣು ಮಾಡಿದ್ದಿನ ಪೂರ್ತಿ ಹಿಂಗೇ ಇಟ್ಕೊಂಡಿದ್ದೆ. ಸಂಜೆ ಊಟ ಮಾಡ್ಸೋವಾಗ ನಾನೇ ಬಿಡಿಸ್ದೆ." ಅವಳ ದನಿ ಇಳಿಯಿತು. "ಎಸೆಯೋವಾಗ ಅಷ್ಟೊಂದು ಹೆದರ್ತೀಯೇನೋ ಮಗಾ?"

ರೇನೋನ ಬಾಯಲ್ಲಿದ್ದ ಮೀನು ಅಲ್ಲೇ ಉಳಿಯಿತು.

ಐವತ್ತು ಗಜ ದೂರದ ಅಜ್ಜಿಗೆ ಕಂಡದ್ದು ಒಂದು ಗಜ ದೂರದಲ್ಲಿ ಬಗ್ಗಿ ನಿಂತವನಿಗೆ ಕಾಣದಿರುತ್ತದೆಯೇ? ತಂಡದ ಕ್ಯಾಮೆರಾ ಎತ್ತರದ ಗೋಪುರದ ಮೇಲಿತ್ತು. ಕೋಚ್‌ಗೆ ಕಾಲು ಕಾಣುತ್ತಿತ್ತು, ಭುಜ ಕಾಣುತ್ತಿತ್ತು, ಒಂದು ಬೆರಳು ಕಾಣುತ್ತಿರಲಿಲ್ಲ. ಎದುರಾಳಿಗೆ ಹಾಗಲ್ಲ, ನೋಡುವ ಕಣ್ಣಿದ್ದರೆ. 'ಮೊದಲೇ ಎಲ್ಲ ಗೊತ್ತಿದ್ದವನ ಹಾಗೆ.' ತಾನೇ ಎಷ್ಟೋ ಸಲ ಅಂದುಕೊಂಡ ಮಾತು ಈಗ ಬೇರೆ ಮುಖ ಹೊತ್ತು ಬಂದು ಎದುರಿಗೆ ಕೂತಿತು. ಮುಂದಿನ ಶನಿವಾರ ಕೊನೆಯ ಪಂದ್ಯ. ಅದೇ ತಂಡ. ಅದೇ ತೊಂಬತ್ತೊಂದು.

"ಯಾಕೋ, ಮೀನು ಚೆನ್ನಾಗಿಲ್ವಾ?" ಅಂದಳು ಮುಮ್ಮು.

"ಚೆನ್ನಾಗಿದೆ," ಅಂದ. ಮೇಜಿನ ಕೆಳಗೆ ತನ್ನ ಎಡಗೈ ನೋಡಿಕೊಂಡ. ಹೆಬ್ಬೆರಳು ಒಳಗಿತ್ತು.

ಮಂಗಳವಾರದ ಅಭ್ಯಾಸದಲ್ಲಿ ಯಾರಿಗೂ ಹೇಳದೆ ಹೆಬ್ಬೆರಳನ್ನು ಹೊರಗಿಡಲು ನೋಡಿದ. ಬೆರಳು ಹೊರಗೆ ಉಳಿಯಿತು, ಆದರೆ ಗಮನವೆಲ್ಲ ಅದರಲ್ಲೇ ಉಳಿದು ಕಾಲು ಅರ್ಧ ಹೆಜ್ಜೆ ತಡವಾಯಿತು. ಮೀಸಲು ಆಟಗಾರರಲ್ಲಿನ ಒಬ್ಬ ಪೀಚಲು ಹುಡುಗ ಅವನನ್ನು ಸುತ್ತಿ ಹೋಗಿ ಮೈಲ್ಸ್‌ನ ಬೆನ್ನು ತಟ್ಟಿದ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕಿಗೆ ಕೆಂಪಂಗಿ. ಕೆಡವುವಂತಿಲ್ಲ, ಮುಟ್ಟಿದರೆ ಸಾಕು. ಮೂರು ಸಲ ಹೀಗಾಯಿತು.

"ಏನ್ ದೊಡ್ಡಣ್ಣಾ, ಇವತ್ತು ಬಾಗಿಲು ತೆಗೆದಿಟ್ಟಿದ್ದೀಯ, ಬಂದವರೆಲ್ಲ ಕಾಫಿ ಕುಡ್ಕೊಂಡು ಹೋಗ್ಲಿ ಅಂತಾನಾ?" ಎಂದು ಮೈಲ್ಸ್ ನಕ್ಕ. ಶನಿವಾರ ಅವನಿಗೆ ಕೆಂಪಂಗಿ ಇರುವುದಿಲ್ಲ.

ಹೇಳಬೇಕು. ಹೇಳದಿದ್ದರೆ ಮೈಲ್ಸ್‌ನ ಕತ್ತು. ಹೇಳಿದರೆ ಡೆಜ್‌ಗೆ ತಿಳಿಯುತ್ತದೆ, ಜಾರಿದ್ದು ಹಿಮವಲ್ಲವೆಂದು. ಎರಡು ಭಯಗಳ ನಡುವೆ ರೇನೋ ಮೂರು ಹೊತ್ತಿನ ಊಟ ಬಿಟ್ಟ. ಬುಧವಾರ ಬೆಳಿಗ್ಗೆ ಚಿತ್ರ ನೋಡುವ ಕೋಣೆಯ ಬಾಗಿಲು ತಟ್ಟಿದ.

ಡೆಜ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. "ಬಾರೋ ಹಿಮಮನುಷ್ಯ. ಏನು, ಮುಖ ಹಳಸಿದ ಹಾಲಿನ ಹಂಗಿದೆ?"

ಬೇರೆ ದಿನವಾಗಿದ್ದರೆ ರೇನೋ, "ನಿನ್ನ ಮುಖ ನೋಡ್ಕೋ, ಸೇತುವೆ ಕೆಳಗಿನ ಭೂತ" ಎನ್ನುತ್ತಿದ್ದ. ಸೇತುವೆಯ ದಕ್ಷಿಣದಿಂದ ಬಂದ ಡೆಜ್‌ನಂಥವರೆಲ್ಲ ಈ ಕಡೆಯವರಿಗೆ ಭೂತಗಳೇ. ಇವತ್ತು ಬಾಗಿಲು ಮುಚ್ಚಿ ನಿಂತ.

"ನಿಮ್ಮಮ್ಮ ಬೇಲಿ ಹತ್ರ ನಿಂತು ಫೋನಲ್ಲಿ ವಿಡಿಯೊ ಮಾಡ್ತಿದ್ರಲ್ಲ. ಕಳೆದ ವರ್ಷದ್ದು. ಕೊನೇ ಪಂದ್ಯದ್ದು. ಇದೆಯಾ?"

ಡೆಜ್‌ನ ಕಾಲು ನೆಲಕ್ಕೆ ಬಂತು. "ಇದೆ. ನೋಡಿಲ್ಲ ನಾನು."

"ನೋಡ್ಬೇಕು ಡೆಜ್."

ಡೆಜ್ ಅದನ್ನು ಹುಡುಕಿ ಹಾಕಿದ. ಪರದೆಯ ಮೇಲೆ ಹಿಮ ಸುರಿಯಿತು. ಅವನ ತಾಯಿಯ ದನಿ, "ನೋಡ್ಕೊಂಡು ಕಂದಾ, ನೋಡ್ಕೊಂಡು." ಹತ್ತಿರದಿಂದ ಎಡತುದಿ. ಬಗ್ಗಿದ ರೇನೋ, ತೊಡೆಯ ಮೇಲೆ ಎಡಗೈ, ಅದರೆದುರು ತೊಂಬತ್ತೊಂದು. ಓಡುವ ಆಟ: ಹೆಬ್ಬೆರಳು ಹೊರಗೆ, ತೊಂಬತ್ತೊಂದು ಸುಮ್ಮನೆ. ಎಸೆಯುವ ಆಟ: ಹೆಬ್ಬೆರಳು ಒಳಗೆ. ತೊಂಬತ್ತೊಂದು ತಲೆ ತಗ್ಗಿಸಿ ಆ ಕೈ ನೋಡಿದ. ಆಮೇಲೆ ತನ್ನ ಕೈಯನ್ನು ಬೆನ್ನ ಹಿಂದೆ ಒಯ್ದು, ಹಿಂದಿನವರಿಗೆ ಕಾಣುವಂತೆ ಹೆಬ್ಬೆರಳೆತ್ತಿದ.

ಮತ್ತೆ ಒಂದು. ಮತ್ತೆ ಹೆಬ್ಬೆರಳು. ಮತ್ತೆ.

ರೇನೋ ಹೇಳತೊಡಗಿದ. ಮುಮ್ಮು, ಮೀನು, ಜಿಂಕೆಯ ಕಿವಿ, ಎಲ್ಲ. ಡೆಜ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಆಟ ಬರುವ ಮುಂಚೆ ಚಿತ್ರ ನಿಲ್ಲಿಸಿದ.

"ಹಂಗಾದ್ರೆ ಹಿಮ ಅಲ್ಲ," ಅಂದ.

"ಅಲ್ಲ."

"ಒಂದು ವರ್ಷ ಹಿಮಾನ ಬೈಕೊಂಡು ಬದುಕಿದೀನಿ ಕಣೋ. ಹಿಮಾನ ಬೈಯೋದು ಸುಲಭ. ಅದು ನನ್ನ ಕೋಣೇಲಿ ಗೊರಕೆ ಹೊಡ್ಕೊಂಡು ಮಲಗಿರಲ್ಲ." ಅವನು ಎದ್ದು ಹೊರಗೆ ಹೋದ. ಬಾಗಿಲು ಹಾಕಿಕೊಂಡ ಸದ್ದು ದೊಡ್ಡದಾಗಿಯೇ ಕೇಳಿಸಿತು.

ರೇನೋ ಆ ಕತ್ತಲ ಕೋಣೆಯಲ್ಲಿ ಕೂತೇ ಇದ್ದ. ನಿಂತ ಚಿತ್ರದಲ್ಲಿ ತೊಂಬತ್ತೊಂದರ ಹೆಬ್ಬೆರಳು ಎತ್ತಿದಂತೆಯೇ ಇತ್ತು. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಡೆಜ್ ಹಿಂದೆ ಕೋಚ್ ಸ್ಟಿಮಾಕ್. ಡೆಜ್‌ನ ಕಣ್ಣು ಕೆಂಪಗಿತ್ತು.

ಕೋಚ್ ನಾಲ್ಕು ಸಲ ನೋಡಿದರು, ಬೋಳು ತಲೆ ಉಜ್ಜಿಕೊಂಡರು. "ನಲವತ್ತು ವರ್ಷ ಸಾಲು ಕಾದೆ. ಈ ಬೆರಳು ನನ್ನ ಕಣ್ಣಿಗೆ ಬೀಳ್ಲಿಲ್ಲ. ಒಬ್ಬ ಮುದುಕಿಗೆ ಬಿತ್ತು." ಆಮೇಲೆ ಮೆಲ್ಲಗೆ, "ತಪ್ಪು ನನ್ನದೂ ಇದೆ ಡೆಸ್ಮಂಡ್," ಅಂದರು. ಮತ್ತೆ ದನಿ ಗಟ್ಟಿಯಾಯಿತು. "ಬೆರಳಿಗೆ ಪಟ್ಟಿ ಸುತ್ತಿ ಬಿಗಿಯೋಣ. ಒಳಗೆ ಹೋಗದ ಹಂಗೆ."

"ಆಗಲ್ಲ ಕೋಚ್," ಅಂದ ರೇನೋ. "ಹೊರಗಿಟ್ರೆ ಕಾಲು ನಿಂತುಬಿಡತ್ತೆ. ಮಂಗಳವಾರ ನೋಡಿದ್ರಲ್ಲ. ಶನಿವಾರ ನನ್ನ ಆಡಿಸ್ಬೇಡಿ. ದಮ್ಮಯ್ಯ. ಬೇರೆ ಯಾರನ್ನಾದ್ರೂ ನಿಲ್ಸಿ."

"ಬೇರೆ ಯಾರೂ ನಿನ್ನಷ್ಟು ಹೆದರಿರಲ್ಲ." ಅದು ಡೆಜ್‌ನ ದನಿ. ಗೋಡೆಗೆ ಒರಗಿ ನಿಂತು, ಬಲಗೈಯ ಜೀವವಿಲ್ಲದ ಬೆರಳುಗಳನ್ನು ಎಡಗೈಯಿಂದ ತಿಕ್ಕುತ್ತಿದ್ದ. "ಆ ತೊಂಬತ್ತೊಂದು ಓದಿದ್ದು ನಿನ್ನ ಹೆದರಿಕೇನಲ್ಲ. ಒಂದು ಆಟಕ್ಕೆ ಹೆದರ್ತೀಯ, ಇನ್ನೊಂದಕ್ಕೆ ಹೆದರಲ್ಲ. ಅದನ್ನ ಓದ್ದ. ಎಲ್ಲದಕ್ಕೂ ಹೆದರು. ಓಡೋ ಆಟಕ್ಕೂ. ಅರವತ್ತು ಆಟ ಇದ್ರೆ ಅರವತ್ತಕ್ಕೂ."

"ಓಡೋ ಆಟದಲ್ಲಿ ಹೆದರೋಕೆ ಏನಿದೆ?"

ಡೆಜ್ ಅವನನ್ನು ನೇರವಾಗಿ ನೋಡಿದ. "ನಾನು ನಿನ್ನ ಹಿಂದೆ ನಿಂತಿದೀನಿ ಅಂದ್ಕೋ. ಪ್ರತಿ ಸಲ."

ಶನಿವಾರ ಆಕಾಶ ತವರದ ತಟ್ಟೆಯಂತಿತ್ತು. ಮರುದಿನದಿಂದ ಜಿಂಕೆ ಬೇಟೆ ಶುರು. ಬಂದ ಜನರೆಲ್ಲ ಬೇಟೆಯ ಕಿತ್ತಳೆ ಅಂಗಿಯಲ್ಲೇ ಬಂದಿದ್ದರು. ಮೈದಾನದ ಸುತ್ತ ಬೆಂಕಿ ಬಿದ್ದಂತೆ ಕಾಣುತ್ತಿತ್ತು. ರೇನೋ ಎರಡು ಸಲ ವಾಂತಿ ಮಾಡಿದ. ಹುಡುಗರು ಎರಡು ಸಲ ಕೇಕೆ ಹಾಕಿದರು.

ತೊಂಬತ್ತೊಂದು ಎದುರಿಗೆ ಬಂದು ಬಗ್ಗಿದ. ಕಳೆದ ವರ್ಷಕ್ಕಿಂತ ದಪ್ಪಗಾಗಿದ್ದ. ಉಸಿರಿನ ಹಬೆ ರೇನೋನ ಮುಖಕ್ಕೇ ಬಡಿಯುತ್ತಿತ್ತು.

"ನಮಸ್ಕಾರ ಬಂಡೆ. ಇವತ್ತು ಹಿಮ ಇಲ್ವಲ್ಲೋ. ಯಾವ ನೆಪ ಹೇಳ್ತೀಯ?"

ಮೊದಲ ಆಟ ಓಡುವುದು. 'ಡೆಜ್ ನನ್ನ ಹಿಂದೆ ನಿಂತಿದ್ದಾನೆ,' ಅಂದುಕೊಂಡ ರೇನೋ. ಹಾಗೆ ಅಂದುಕೊಳ್ಳುವುದು ಸುಲಭವಿರಲಿಲ್ಲ. ಮುಚ್ಚಿದ ಗಾಯವನ್ನು ತಾನೇ ಉಗುರು ಹಾಕಿ ತೆರೆದಂತೆ. ಹೆಬ್ಬೆರಳು ತಾನಾಗಿ ಒಳಗೆ ಹೋಯಿತು. ತೊಂಬತ್ತೊಂದರ ಕಣ್ಣು ಕೆಳಗೆ ಬಂತು, ಕೈ ಬೆನ್ನ ಹಿಂದೆ ಹೋಯಿತು. ಚೆಂಡು ಅಲುಗಿದೊಡನೆ ಅವನು ಕ್ವಾರ್ಟರ್‌ಬ್ಯಾಕಿಗೆ ಗುರಿಯಿಟ್ಟು ಹೊರಗಿನಿಂದ ಧಾವಿಸಿದ. ಅವನು ಬಿಟ್ಟು ಹೋದ ಜಾಗದಲ್ಲೇ ತಂಡದ ಓಟಗಾರ ಹನ್ನೆರಡು ಗಜ ಹೋದ.

ಎರಡನೆಯದೂ ಓಟ. ಹೆಬ್ಬೆರಳು ಒಳಗೆ. ಮೂರನೆಯದು ಎಸೆತ. ಒಳಗೆ. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ತೊಂಬತ್ತೊಂದರ ಕೈ ಬೆನ್ನ ಹಿಂದೆ ಹೋಗುವುದನ್ನು ನಿಲ್ಲಿಸಿತ್ತು.

ಹಾಗೆಂದು ಭಯ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಬೇರೆ ದಿನ ಇಪ್ಪತ್ತೈದು ಸಲ ಹೆದರುತ್ತಿದ್ದವನು ಇವತ್ತು ಬಗ್ಗಿದಾಗಲೆಲ್ಲ ಹೆದರಬೇಕಿತ್ತು. ನಡುವೆ ಬಿಡುವಿಲ್ಲ. ಊಹೆ ಕೈಕೊಟ್ಟ ಮೇಲೆ ತೊಂಬತ್ತೊಂದು ಬರೀ ಬಲದ ಮೇಲೆ ಬಂದ, ಮತ್ತು ಅವನಿಗೆ ಬಲ ಬೇಕಾದಷ್ಟಿತ್ತು. ರೇನೋನ ತುಟಿ ಒಡೆಯಿತು. ವರ್ತುಲದಲ್ಲಿ ಮೈಲ್ಸ್ ಗುನುಗುತ್ತಲೇ ಇದ್ದ.

"ಹಾಡು ನಿಲ್ಸೋ," ಅಂದ ರೇನೋ ಒಮ್ಮೆ.

"ನಿಲ್ಸಿದ್ರೆ ನಂಗೆ ಭಯ ಆಗತ್ತೆ ದೊಡ್ಡಣ್ಣಾ," ಅಂದ ಮೈಲ್ಸ್.

ರೇನೋ ಅವನನ್ನೇ ನೋಡಿದ. ಅವನಿಗೂ ಹಾಗಾಗಬಹುದೆಂದು ಇಷ್ಟು ದಿನ ಹೊಳೆದಿರಲಿಲ್ಲ.

ಕೊನೆಯ ಆಟ. ಎರಡು ಅಂಕ ಹಿಂದೆ. ಉಳಿದದ್ದು ಐದು ಸೆಕೆಂಡು. ದೂರದ ಎಸೆತ ಬಿಟ್ಟರೆ ದಾರಿಯಿಲ್ಲ, ಹೆಬ್ಬೆರಳು ನೋಡದೆಯೂ ಎಲ್ಲರಿಗೂ ಅದು ಗೊತ್ತು. ತೊಂಬತ್ತೊಂದು ಬಗ್ಗಿ ಕೈ ನೆಲಕ್ಕೂರಿದ.

ಚೆಂಡು ಅಲುಗಿತು. ಅವನು ಹೊರಗಿನಿಂದ ಬಂದಂತೆ ತೋರಿಸಿ ಬುಗುರಿಯ ಹಾಗೆ ಒಳಕ್ಕೆ ತಿರುಗಿದ. ರೇನೋನ ಬಲಗಾಲು ಹೆಪ್ಪುಗಟ್ಟಿದ ನೆಲದ ಮೇಲೆ ಜಾರಿತು. ಈ ಸಲ ನಿಜವಾಗಿಯೂ ಜಾರಿತು. ತೊಂಬತ್ತೊಂದರ ಭುಜ ಅವನ ಎದೆ ದಾಟುತ್ತಿತ್ತು. ರೇನೋ ಕಾಲಿನ ಆಸೆ ಬಿಟ್ಟು ಇಡೀ ಮೈಯನ್ನು ಅಡ್ಡ ಹಾಕಿದ. ಇಬ್ಬರೂ ಒಟ್ಟಿಗೆ ಬಿದ್ದರು. ಕಿವಿ ನೆಲಕ್ಕೆ ಬಡಿಯಿತು.

ಸಾಲಿನವರು ಚೆಂಡನ್ನು ನೋಡುವುದಿಲ್ಲ. ಏನಾಯಿತೆಂದು ಜನರ ದನಿಯೇ ಹೇಳಬೇಕು. ಜನ ಒಮ್ಮೆ ಏರಿದರು. ಆಮೇಲೆ ಮೌನ.

ಅದೇ ಮೌನ.

ರೇನೋ ನೆಲದ ಮೇಲೆಯೇ ಇದ್ದ. ಹಿಂದೆ ತಿರುಗಿ ನೋಡಬೇಕು. ಕತ್ತು ತಿರುಗಲಿಲ್ಲ. ಬೇರೆ ಯಾರಾದರೂ ಸಾಲು ತಪ್ಪಿಸಿಕೊಂಡು ಬಂದು ಮೈಲ್ಸ್‌ನನ್ನು ಕೆಡವಿರಬಹುದು, ಬಲಗಡೆಯಿಂದ, ಎಲ್ಲಿಂದಲಾದರೂ. ಮೂಗಿಗೆ ತಣ್ಣನೆಯ ಮಣ್ಣಿನ ವಾಸನೆ. ಒಂದು ಉಸಿರು. ಎರಡು.

"ಥೂ! ನಿನ್ನ ಕೈಗೇ ಹಾಕಿದ್ನಲ್ಲೋ! ಬೆಣ್ಣೆ ಹಚ್ಕೊಂಡು ಬಂದಿದ್ಯೇನೋ ಕೈಗೆ!"

ಮೈಲ್ಸ್‌ನ ದನಿ. ಮೇಲಿನಿಂದ. ನಿಂತವನ ದನಿ.

ರೇನೋ ಮೆಲ್ಲಗೆ ಹೊರಳಿದ. ಮೈಲ್ಸ್ ಎರಡು ಕಾಲ ಮೇಲೆ ನಿಂತು, ದೂರದಲ್ಲಿ ಚೆಂಡು ಕೈಬಿಟ್ಟ ಗೆಳೆಯನನ್ನು ಬೈಯುತ್ತಿದ್ದ. ಕೆಸರಿಲ್ಲದ ಅಂಗಿ. ಸೋತಿದ್ದರು. ರೇನೋ ಹಾಗೇ ಬಿದ್ದುಕೊಂಡು ತವರದ ಆಕಾಶ ನೋಡಿದ. ಪಕ್ಕದಲ್ಲಿ ತೊಂಬತ್ತೊಂದು ಎದ್ದು ಕೂತು, ಕೈ ಚಾಚಿ, "ಆ ಬೆರಳು ಯಾವಾಗ ಸರಿ ಮಾಡ್ಕೊಂಡೆಯೋ?" ಅಂದ. ರೇನೋ ಆ ಕೈ ಹಿಡಿಯದೆ ತಾನೇ ಎದ್ದ.

ಡೆಜ್ ಗೆರೆಯ ಬಳಿ ಕಾಗದ ಹಿಡಿದು ನಿಂತಿದ್ದ. ಕಾಗದದಲ್ಲಿ ಎಡತುದಿಯಿಂದ ನುಗ್ಗಿದವರ ಲೆಕ್ಕ ತೋರಿಸಿದ. ಹನ್ನೊಂದು ಪಂದ್ಯ, ಹನ್ನೊಂದು ಸೊನ್ನೆ. ಜೀವವಿಲ್ಲದ ಬೆರಳುಗಳ ಕೈಯನ್ನು ಕ್ಷಣ ರೇನೋನ ಹೆಲ್ಮೆಟ್ಟಿನ ಮೇಲಿಟ್ಟು ತೆಗೆದ. ಬುಧವಾರದಿಂದ ಬೇರೆ ಕಡೆ ಮಲಗುತ್ತಿದ್ದವನು ಕೋಣೆಗೆ ಮರಳುತ್ತಾನೋ ಇಲ್ಲವೋ ರೇನೋ ಕೇಳಲಿಲ್ಲ. ಕೇಳಲು ಇನ್ನೂ ಭಯವಿತ್ತು.

ಬೇಲಿಯ ಬಳಿ ಮುಮ್ಮು ಕುರ್ಚಿ ಮಡಿಸುತ್ತಿದ್ದಳು. ಕಿತ್ತಳೆ ಕೋಟು, ಕಿತ್ತಳೆ ಟೋಪಿ, ಸಿಟ್ಟಿನ ಮುಖ.

"ನನ್ನ ಮಾನ ತೆಗೆದ್ಯಲ್ಲೋ! ಪ್ರತಿ ಸಲ 'ಎಸೀತಾರೆ, ಎಸೀತಾರೆ' ಅಂದೆ. ಅರ್ಧಕ್ಕರ್ಧ ಓಡಿದ್ರು. ಆರು ಪ್ಯಾಸ್ಟಿ ಆ ವಾಲ್ಡೊ ಪಾಲಾಯ್ತು. ಹಲ್ಕಿರ್ಕೊಂಡು ಹೋದ."

"ತಪ್ಪಾಯ್ತು ಮುಮ್ಮು."

ಅವಳು ಅವನ ಒಡೆದ ತುಟಿ ನೋಡಿದಳು. ಆಮೇಲೆ ಅವನ ಎಡಗೈಯನ್ನು ಎತ್ತಿಕೊಂಡಳು. ಪಂದ್ಯ ಮುಗಿದು ಕಾಲು ಗಂಟೆಯಾಗಿದ್ದರೂ ಹೆಬ್ಬೆರಳು ಮುಷ್ಟಿಯೊಳಗೇ ಇತ್ತು. ಅವಳು ಬಿಡಿಸಲು ನೋಡಿದಳು, ಬರಲಿಲ್ಲ. ರೇನೋನೂ ನೋಡಿದ, ಬರಲಿಲ್ಲ. ಅವನಿಗೆ ಗಾಬರಿಯಾಯಿತು.

"ಇರು," ಅಂದು ಮುಮ್ಮು ಕೋಟಿನ ಒಳಜೇಬಿಗೆ ಕೈ ಹಾಕಿದಳು. ಹಾಳೆ ಸುತ್ತಿದ, ಅವಳ ಮೈಯ ಬಿಸಿಯಲ್ಲೇ ಉಳಿದ ಏಳನೆಯ ಪ್ಯಾಸ್ಟಿ. ಅದನ್ನು ಅವನ ಮುಚ್ಚಿದ ಮುಷ್ಟಿಯ ಮೇಲಿಟ್ಟು, ತನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದಳು.

"ತಿನ್ನು. ಬೀಳಿಸ್ಬೇಡ ಮತ್ತೆ," ಅಂದು ಕೈ ಬಿಟ್ಟಳು.

ಬೀಳದಂತೆ ಹಿಡಿಯಲು ಅವನ ಬೆರಳು ಒಂದೊಂದಾಗಿ ತೆರೆದವು. ಎಲ್ಲಕ್ಕಿಂತ ಕೊನೆಗೆ, ಬೆಳ್ಳಗೆ ಬಿಳಿಚಿದ ಹೆಬ್ಬೆರಳು ಹೊರಗೆ ಬಂತು.